ಲ್ಯಾಪ್‌ಟಾಪ್ ಬ್ಯಾಟರಿಯ ಅಳತೆಯನ್ನು ಸರಿಪಡಿಸುವ ಕ್ರಮ

ಉದ್ದೇಶ: ಬ್ಯಾಟರಿಯ ಸೂಚಕವು ಏಕೆ ತಪ್ಪುತ್ತದೆಂಬುದನ್ನು ಅರಿತು, ಅದನ್ನು ಸರಿಪಡಿಸಲು ಶಿಕ್ಷಕರು ಸಮರ್ಥರಾಗುವುದು.

ಪೀಠಿಕೆ
ಆನೈಮಲೈ ಬೆಟ್ಟಗಳ ಕಡಂಪಾರೈಯಲ್ಲಿ ನೆಲದೊಳಗೆ ಕಟ್ಟಿದ ಜಲವಿದ್ಯುದಾಗಾರವೊಂದಿದೆ. ವಿದ್ಯುತ್ತಿನ ಬೇಡಿಕೆ ಕಡಿಮೆಯಿರುವಾಗ ಮೇಲಣ ಆಳಿಯಾರ್ ಜಲಾಶಯದ ನೀರನ್ನು ಕಡಂಪಾರೈ ಜಲಾಶಯಕ್ಕೆ ಏರಿಸಿ, ಬೇಡಿಕೆ ಹೆಚ್ಚಿದಾಗ ಅದೇ ನೀರನ್ನು ಹರಿಸಿ ವಿದ್ಯುತ್ತನ್ನು ಪಡೆಯಲಾಗುತ್ತದೆ. ತಲಾ 100 ಮೆಗಾವ್ಯಾಟ್‌ನ 4 ಘಟಕಗಳು ಅಲ್ಲಿವೆ. ಶಕ್ತಿಯನ್ನು ಕೂಡಿಟ್ಟು ಬೇಕಾದಾಗ ನೀಡುವ ಲ್ಯಾಪ್‌ಟಾಪ್ ಬ್ಯಾಟರಿಯ ಕೆಲಸವೂ ಇಂತಹುದೇ. ಆದರೆ ಜಲಾಶಯದ ನೀರಿನ ಮಟ್ಟ ಕಣ್ಣಿಗೆ ಕಾಣುತ್ತದೆ. ಬ್ಯಾಟರಿಯಲ್ಲಿ ಉಳಿದ ಶಕ್ತಿ ಕಾಣುವುದಿಲ್ಲ.

ಸೂಚಕ ತಪ್ಪುವ ಕಾರಣ
ಲಿಥಿಯಂ ಅಯಾನ್ ಕೋಶವು ಪೂರ್ಣ ತುಂಬಿದಾಗ ಸುಮಾರು 4.2 ವೋಲ್ಟ್, ಬರಿದಾದಾಗ ಸುಮಾರು 3 ವೋಲ್ಟ್ ಇರುತ್ತದೆ. ನಡುವಣ ಹಂತದಲ್ಲಿ ವೋಲ್ಟೇಜು ಬಹಳ ನಿಧಾನವಾಗಿ ಇಳಿಯುವುದರಿಂದ ಅದೊಂದನ್ನೇ ನೋಡಿ ಉಳಿಕೆಯನ್ನು ಹೇಳುವುದು ಕಷ್ಟ. ಆದುದರಿಂದ ಒಳಹೋದ ಮತ್ತು ಹೊರಬಂದ ವಿದ್ಯುತ್ತಿನ ಲೆಕ್ಕವನ್ನು ಬ್ಯಾಟರಿಯೊಳಗಿನ ಸಣ್ಣ ಮಂಡಲವೊಂದು ಇಡುತ್ತದೆ. ದಿನವೂ ಅರ್ಧಂಬರ್ಧ ಚಾರ್ಜು ಮಾಡಿದಾಗ ಈ ಲೆಕ್ಕದಲ್ಲಿ ಸಣ್ಣ ತಪ್ಪುಗಳು ಸೇರುತ್ತಾ ಹೋಗುತ್ತವೆ.

ಹೊಸದರಲ್ಲಿ 40 ವ್ಯಾಟ್-ಗಂಟೆ ಹಿಡಿಯುತ್ತಿದ್ದ ಬ್ಯಾಟರಿಯು ಈಗ 30 ಮಾತ್ರ ಹಿಡಿಯುತ್ತದೆಂದು ಭಾವಿಸಿದರೆ, ಹಳೆಯ ಲೆಕ್ಕವನ್ನೇ ನಂಬಿದ ಸೂಚಕವು ಶೇ. 25 ಉಳಿದಿದೆಯೆಂದು ತೋರಿಸುತ್ತಿರುವಾಗಲೇ ಯಂತ್ರ ಆರಿಹೋಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ ನಿಂತ ತರಗತಿಯಲ್ಲಿ ಹೀಗಾದರೆ ಪಾಠವೂ ಉಳಿಸದ ಬರಹವೂ ಒಟ್ಟಿಗೆ ಹೋಗುತ್ತವೆ.

ಸರಿಪಡಿಸುವ ಕ್ರಮ
1. ರಜಾದಿನವನ್ನು ಆರಿಸಿ, ಎಲ್ಲ ಕಡತಗಳನ್ನು ಉಳಿಸಿಕೊಳ್ಳತಕ್ಕದ್ದು.
2. ಬ್ಯಾಟರಿಯನ್ನು ಶೇ. 100ರವರೆಗೆ ತುಂಬಿಸಿ, ಇನ್ನೂ ಎರಡು ಗಂಟೆ ಚಾರ್ಜರಿನಲ್ಲಿಯೇ ಬಿಡುವುದು.
3. ಯಂತ್ರವು ತಾನಾಗಿ ನಿದ್ರೆಗೆ ಹೋಗುವ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಚಾರ್ಜರನ್ನು ತೆಗೆದು, ಯಂತ್ರ ತಾನೇ ಆರುವವರೆಗೆ ಬಳಸುವುದು.
4. ಕೆಲವು ಗಂಟೆ ಹಾಗೆಯೇ ಬಿಟ್ಟು, ನಡುವೆ ತಡೆಯಿಲ್ಲದಂತೆ ಪುನಃ ಪೂರ್ಣ ತುಂಬಿಸುವುದು.
5. ನಿದ್ರೆಯ ವ್ಯವಸ್ಥೆಯನ್ನು ಮೊದಲಿನಂತೆ ಇಡುವುದು.

ತುಂಬಿದ ತುದಿ, ಬರಿದಾದ ತುದಿ ಎರಡನ್ನೂ ಕಂಡ ಸೂಚಕವು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ತಯಾರಕರೇ ಇದಕ್ಕೆಂದು ತಂತ್ರಾಂಶ ಕೊಟ್ಟಿದ್ದರೆ ಅದನ್ನೇ ಬಳಸುವುದು ಲೇಸು.

ಗಮನಿಸಬೇಕಾದ ಅಂಶಗಳು
ಈ ಕ್ರಮದಿಂದ ಕಳೆದುಹೋದ ಸಾಮರ್ಥ್ಯ ಮರಳುವುದಿಲ್ಲ. ಅಳತೆ ಮಾತ್ರ ಸರಿಯಾಗುತ್ತದೆ. ಹೂಳು ತುಂಬಿದ ಕೆರೆಯನ್ನು ಅಳೆದ ಮಾತ್ರಕ್ಕೆ ಹೂಳು ಹೋಗುವುದಿಲ್ಲವಷ್ಟೆ. ಪೂರ್ಣ ಬರಿದುಮಾಡುವುದು ಲಿಥಿಯಂ ಬ್ಯಾಟರಿಯನ್ನು ಸವೆಸುವುದರಿಂದ, ಸೂಚಕವು ತಪ್ಪುತ್ತಿರುವುದು ಕಂಡಾಗ ಮಾತ್ರ ಇದನ್ನು ಮಾಡತಕ್ಕದ್ದು. ಆಗಾಗ ಬರಿದುಮಾಡಬೇಕೆಂಬ ಸಲಹೆ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಬ್ಯಾಟರಿ ಉಬ್ಬಿದ್ದರೆ ಬಳಕೆಯನ್ನೂ ಚಾರ್ಜು ಮಾಡುವುದನ್ನೂ ಕೂಡಲೇ ನಿಲ್ಲಿಸಬೇಕು. ಅದನ್ನು ಬಿಚ್ಚುವುದಾಗಲಿ ಚುಚ್ಚುವುದಾಗಲಿ ಕೂಡದು.

ಚಟುವಟಿಕೆ
ತಮಿಳುನಾಡು ಸರ್ಕಾರವು 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ವಿತರಣೆಯನ್ನು ಆರಂಭಿಸಿತು. ಲ್ಯಾಪ್‌ಟಾಪ್ ಉಳ್ಳ ಮಕ್ಕಳು ಚಾರ್ಜರಿಲ್ಲದೆ ಬಳಸುವಾಗ 10 ನಿಮಿಷಕ್ಕೊಮ್ಮೆ ಉಳಿಕೆಯನ್ನು ಬರೆದಿಟ್ಟು ನಕ್ಷೆ ಎಳೆಯಲಿ. ಒಂದೇ ಬಗೆಯ ಬಳಕೆಯಲ್ಲಿ ರೇಖೆಯು ಸಮನಾಗಿ ಇಳಿದರೆ ಸೂಚಕವನ್ನು ನಂಬಬಹುದು. ಒಮ್ಮೆಗೇ ಕುಸಿದರೆ ಅಳತೆಯನ್ನು ಶಂಕಿಸಬೇಕು. ಉಪಕರಣವು ತೋರಿಸುವ ಅಂಕಿಯನ್ನೂ ಪರೀಕ್ಷಿಸಿಯೇ ಒಪ್ಪಬೇಕೆಂಬ ವಿಜ್ಞಾನದ ಪಾಠವನ್ನು ಮಕ್ಕಳು ಇದರಿಂದ ತಾವಾಗಿಯೇ ಕಲಿಯುವರು.