ಫಿಫ್ಟೀನೋ ಫಿಫ್ಟಿಯೋ?

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಬಾರದೆಂದಲ್ಲ; ಓದಿದ್ದು, ಕೆಲಸ ಮಾಡಿದ್ದು ಎಲ್ಲ ಅದರಲ್ಲೇ. ಆದರೂ ಫೋನ್ ಎತ್ತಿದರೆ ಅತ್ತ ಒಂದು ಹೇಳುತ್ತಾರೆ, ಇತ್ತ ಇನ್ನೊಂದು ಕೇಳಿಸುತ್ತದೆ. ನಾವು ಕಿವಿಗೊಡುವ ಜಾಗವೇ ಬೇರೆ, ಇಲ್ಲಿನವರು ವ್ಯತ್ಯಾಸ ಇಟ್ಟಿರುವ ಜಾಗವೇ ಬೇರೆ.

‘ಕ್ಯಾನ್’, ‘ಕ್ಯಾನ್ಟ್’ ತೆಗೆದುಕೊಳ್ಳಿ. ನಾವು ಕೊನೆಯ ‘ಟ್’ಗೆ ಕಾಯುತ್ತೇವೆ, ಅವರು ಅದನ್ನು ನುಂಗಿಬಿಡುತ್ತಾರೆ. ಹಲ್ಲಿನ ಡಾಕ್ಟರ ರಿಸೆಪ್ಷನಿಸ್ಟ್ ‘ವಿ ಕನ್ ಸೀ ಯು ಟ್ಯೂಸ್‌ಡೇ’ ಎಂದು, ‘ಕನ್’ ಅನ್ನು ಹಾರಿಸಿ ‘ಸೀ’ ಮೇಲೆ ಒತ್ತು ಕೊಟ್ಟರೆ ಬನ್ನಿ ಎಂದರ್ಥ. ‘ಕ್ಯಾ’ ಮೇಲೆ ಭಾರ ಬಿದ್ದು ದನಿ ತಟ್ಟನೆ ನಿಂತರೆ ಆಗುವುದಿಲ್ಲ ಎಂದರ್ಥ. ಪಜೀತಿ ಎಂದರೆ, ನಾವು ಸ್ಪಷ್ಟವಾಗಿರಲಿ ಎಂದು ‘ಐ ಕ್ಯಾನ್ ಕಮ್’ ಅನ್ನುತ್ತೇವಲ್ಲ, ಅವರಿಗೆ ಅದೇ ‘ಬರಲಾಗುವುದಿಲ್ಲ’ ಎಂದು ಕೇಳಿಸಬಹುದು. ಬರುವುದಾದರೆ ಮುಂದೊಂದು ‘ಯೆಸ್’ ಸೇರಿಸಿ; ಬರಲಾಗದಿದ್ದರೆ ‘ಕ್ಯಾನಾಟ್’ ಎಂದು ಪೂರ್ತಿ ಹೇಳಿ.

ಅಂಕಿಗಳಲ್ಲೂ ಒತ್ತಿನದೇ ಕಾರುಬಾರು. ‘ಥರ್ಟೀನ್’ ಎಂಬಲ್ಲಿ ಸಾಮಾನ್ಯವಾಗಿ ಕೊನೆಗೆ ಒತ್ತು, ‘ಟ’ ಖಡಕ್ಕಾಗಿರುತ್ತದೆ. ‘ಥರ್ಟಿ’ಗೆ ಮೊದಲಲ್ಲೇ ಒತ್ತು, ಅಮೆರಿಕನ್ ಬಾಯಲ್ಲಿ ಅದು ಹೆಚ್ಚೂಕಡಿಮೆ ‘ಥರ್ಡಿ’. ಆದರೆ ‘ಫಿಫ್ಟೀನ್ ಡಾಲರ್ಸ್’ ಎಂದು ಮುಂದೆ ಇನ್ನೊಂದು ಪದ ಬಂದರೆ ಒತ್ತು ಹಿಂದಕ್ಕೆ ಸರಿದು ಈ ಗುರುತೂ ಕೈಕೊಡುತ್ತದೆ. ಕ್ಲಿನಿಕ್ಕಿನಲ್ಲಿ ಕೋಪೇ, ಅಂದರೆ ವಿಮೆಯಿದ್ದರೂ ನಾವು ಕೈಯಿಂದ ಕೊಡಬೇಕಾದ ಪಾಲು, ಎಷ್ಟು ಎಂದು ಕೇಳಿದಾಗ ‘ಒನ್ ಫೈವ್, ಆರ್ ಫೈವ್ ಝೀರೋ?’ ಎಂದು ಬಿಡಿಸಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

‘ಶಿಪ್’, ‘ಶೀಪ್’ ಎಂದು ಪುಟಗಟ್ಟಲೆ ತುಂಬಿಸುವ ಉಚ್ಚಾರಣೆಯ ಪುಸ್ತಕಗಳ ತಂಟೆ ನಮಗೆ ಬೇಡ. ‘ಬಿಡು’, ‘ಬೀಡು’ ಎಂದು ಬೆಳೆದ ಕಿವಿಗೆ ಹ್ರಸ್ವ, ದೀರ್ಘ ಸಲೀಸು.

ನಾವು ನಿಜವಾಗಿ ಎಡವುವುದು ಮಹಾಪ್ರಾಣದಲ್ಲಿ. ಪದದ ಮೊದಲಲ್ಲಿ ‘ಪ’, ‘ಟ’, ‘ಕ’ ಬಂದರೆ ಇಲ್ಲಿನವರು ಉಸಿರು ಸೇರಿಸಿ ನುಡಿಯುತ್ತಾರೆ. ಅಂಗಡಿಯಲ್ಲಿ ನಾವು ಅಲ್ಪಪ್ರಾಣದ ‘ಕೋಟ್’ ಕೇಳಿದರೆ ಅವರಿಗೆ ‘ಗೋಟ್’ ಕೇಳಿಸೀತು. ‘ಪೇರ್’ ಹಣ್ಣು ‘ಬೇರ್’ ಎಂಬ ಕರಡಿಯಾದೀತು. ‘ಖೋಟ್’ ಎಂದೇ ಹೇಳಿ ನೋಡಿ. ಬಾಯಿಯ ಮುಂದೆ ಕಾಗದದ ಚೂರು ಹಿಡಿದು ‘ಪೇರ್’ ಎಂದಾಗ ಅದು ಅಲುಗಿದರೆ ಸರಿಯಾಯಿತು. ಕನ್ನಡಕ್ಕೆ ಮಹಾಪ್ರಾಣ ಬೇಕೇ ಎಂಬ ಜಗಳ ಊರಲ್ಲಿ ನಡೆಯಲಿ, ಇಲ್ಲಿನ ಇಂಗ್ಲಿಷಿಗಂತೂ ಬೇಕು.

ಇನ್ನು ನಮ್ಮ ಒಂದೇ ‘ವ’. ‘ವೆಸ್ಟ್’ ಎಂದರೆ ಅಂಗಿಯ ಮೇಲಿನ ತೋಳಿಲ್ಲದ ಉಡುಪೋ ಪಶ್ಚಿಮವೋ? ಉಡುಪಾದರೆ ಮೇಲ್ಹಲ್ಲು ಕೆಳದುಟಿಗೆ ತಾಗಬೇಕು, ದಿಕ್ಕಾದರೆ ತುಟಿ ದುಂಡಗಾಗಬೇಕು, ಹಲ್ಲು ತಾಗಕೂಡದು. ವೀಣಾ, ವಿನಯ್ ಮುಂತಾದವರು ಫೋನಿನಲ್ಲಿ ಹೆಸರು ಬಿಡಿಸುವಾಗ ‘ವಿ ಆ್ಯಸ್ ಇನ್ ವಿಕ್ಟರ್’ ಎಂದರೆ ‘ಬಿ’ ಎಂದೋ ‘ಡಿ’ ಎಂದೋ ಬರೆದುಕೊಳ್ಳುವುದು ತಪ್ಪುತ್ತದೆ.

ಊರಿನಿಂದ ಬಂದ ಅಪ್ಪ ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದಾಗ ಮಾತ್ರ ಕಿವಿಯನ್ನು ನಂಬಲೇಬೇಡಿ. ಸಕ್ಕರೆ ಕಾಯಿಲೆಯವರಿಗೆ ‘ಹೈಪರ್’ ಎಂದರೆ ಸಕ್ಕರೆ ಏರಿದೆ, ‘ಹೈಪೋ’ ಎಂದರೆ ಇಳಿದಿದೆ. ಎರಡರ ಉಪಚಾರವೂ ತದ್ವಿರುದ್ಧ. ತುರಿಕೆಗೆ ಕೊಡುವ ಹೈಡ್ರಾಕ್ಸಿಝೀನ್, ಬಿಪಿಗೆ ಕೊಡುವ ಹೈಡ್ರಾಲಝೀನ್ ಹೆಸರುಗಳಲ್ಲಿ ಇಲ್ಲೇ ಹುಟ್ಟಿದವರೂ ಎಡವಿದ್ದಾರೆ. ಅದಕ್ಕೇ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಇಂಥ ಜೋಡಿಗಳನ್ನು ಬೇರೆಬೇರೆಯಾಗಿ ಕಾಣಿಸಲು ಔಷಧ ಕಂಪನಿಗಳಿಗೆ ಸೂಚಿಸಿತು. ಹೆಸರಿನಲ್ಲಿ ಬೇರೆಯಾಗುವ ಭಾಗವನ್ನು ದೊಡ್ಡಕ್ಷರದಲ್ಲಿ ಅಚ್ಚುಮಾಡುವುದು ಆಗ ಬಂದ ಪದ್ಧತಿ. ಫಾರ್ಮಸಿಯ ಕೌಂಟರಿನಲ್ಲೇ ಡಬ್ಬಿಯ ಚೀಟಿ ಓದಿ, ಮಾತ್ರೆ ಯಾವುದಕ್ಕೆ ಎಂದು ಕೇಳಿಕೊಂಡೇ ಹೊರಡಿ.

ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸಾಲದವರಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಫೋನಿನ ಮೂಲಕವಾದರೂ ಕನ್ನಡದ ದುಭಾಷಿ ಬೇಕೆಂದು ಕೇಳಬಹುದು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿಡಿ. ಹೋದ ಮೇಲೆ ಕೇಳಿದರೆ ಕಾಯಬೇಕಾದೀತು.