ಹತ್ತಾರು ರೆಪೊಗಳಿಗೆ ಒಂದೇ ಕಮಾಂಡ್

ಗಿಟ್ ಬಳಸುವವರ ಕಂಪ್ಯೂಟರಿನಲ್ಲಿ ರೆಪೊಗಳು ಬೇಗ ಬೆಳೆಯುತ್ತವೆ. ಆಫೀಸಿನವು ನಾಲ್ಕಾರು, ಸ್ವಂತದ್ದು ಒಂದೆರಡು, ಕಲಿಯಲೆಂದು ಇಳಿಸಿಕೊಂಡವು ಇನ್ನಷ್ಟು. ದಿನವೂ ಒಂದೊಂದು ಫೋಲ್ಡರಿಗೆ ಹೋಗಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಪುಶ್ ಆಗದ ಕೋಡ್ ಹಾರ್ಡ್ ಡಿಸ್ಕ್ ಜತೆಗೇ ಕಳೆದುಹೋಗುವುದು ಹೀಗೆ.

ಇದಕ್ಕೆ ನಾನು ಮೊದಲು ಸೂಚಿಸುವ ಸಾಧನ ಮೈರೆಪೋಸ್. ಗಿಟ್-ಅನೆಕ್ಸ್ ಬರೆದ ಜೋಯಿ ಹೆಸ್ ಅವರೇ ರೂಪಿಸಿದ ಮುಕ್ತ ತಂತ್ರಾಂಶ ಇದು. ಗಿಟ್ ಜತೆಗೆ ಸಬ್‌ವರ್ಷನ್, ಮರ್ಕ್ಯುರಿಯಲ್ ರೆಪೊಗಳನ್ನೂ ಸಂಭಾಳಿಸುತ್ತದೆ.

ಡೆಬಿಯನ್, ಉಬುಂಟುಗಳಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಮೈರೆಪೋಸ್’ ಎಂದರೆ ಸಾಕು. ಬಳಸುವ ಕಮಾಂಡ್ ಮಾತ್ರ ‘ಎಂಆರ್’: ಇಂಗ್ಲಿಷಿನ ಎರಡೇ ಸಣ್ಣಕ್ಷರ.

ಮೊದಲು ಪ್ರತಿ ರೆಪೊದ ಫೋಲ್ಡರಿಗೆ ಹೋಗಿ ‘ಎಂಆರ್ ರಿಜಿಸ್ಟರ್’ ಕೊಡಿ. ಈ ಓಡಾಟ ಒಮ್ಮೆ ಮಾತ್ರ. ರೆಪೊಗೆ ಒರಿಜಿನ್ ವಿಳಾಸ ಇರಲೇಬೇಕು, ಇಲ್ಲದಿದ್ದರೆ ನೋಂದಣಿ ಆಗದು. ನಂತರ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘ಎಂಆರ್‌ಕಾನ್ಫಿಗ್’ ಫೈಲ್ ತೆರೆದು ನೋಡಿ. ಚೌಕ ಆವರಣದೊಳಗೆ ಫೋಲ್ಡರಿನ ಹೆಸರು, ಕೆಳಗೆ ‘ಚೆಕ್‌ಔಟ್’ ಎಂಬ ಸಾಲಿನಲ್ಲಿ ಅದನ್ನು ಕ್ಲೋನ್ ಮಾಡುವ ಕಮಾಂಡ್. ಸಾಮಾನ್ಯ ಟೆಕ್ಸ್ಟ್ ಫೈಲ್ ಅಷ್ಟೇ, ಕೈಯಿಂದಲೂ ತಿದ್ದಬಹುದು.

ಇನ್ನು ಹೋಮ್ ಫೋಲ್ಡರಿನಲ್ಲಿ ನಿಂತು ‘ಎಂಆರ್ ಅಪ್‌ಡೇಟ್’ ಎನ್ನಿ. ನೋಂದಾಯಿತ ಎಲ್ಲ ರೆಪೊಗಳೂ ಒಂದಾದ ಮೇಲೊಂದು ನವೀಕರಣಗೊಂಡು, ಎಷ್ಟು ಸರಿಯಾದವು, ಎಷ್ಟು ವಿಫಲವಾದವು ಎಂಬ ಲೆಕ್ಕ ಕೊನೆಗೆ ಬರುತ್ತದೆ. ‘ಕೆಲಸ’ ಎಂಬ ಫೋಲ್ಡರಿನೊಳಗೆ ನಿಂತು ಹೇಳಿದರೆ ಅದರ ಕೆಳಗಿನವು ಮಾತ್ರ. ರೆಪೊಗಳು ಬಹಳ ಇದ್ದರೆ ಎಂಆರ್ ಪಕ್ಕದಲ್ಲಿ ‘ಹೈಫನ್ ಜೆ 5’ ಸೇರಿಸಿ, ಐದೈದು ಒಟ್ಟಿಗೇ ನಡೆಯುತ್ತವೆ.

ನನ್ನ ಪ್ರಕಾರ ಇದರ ಅಸಲಿ ಬೆಲೆ ಇರುವುದು ‘ಎಂಆರ್ ಸ್ಟೇಟಸ್’ನಲ್ಲಿ. ಬದಲಾದ ಫೈಲುಗಳಷ್ಟೇ ಅಲ್ಲ, ಗಿಟ್ ರೆಪೊಗಳಲ್ಲಿ ಕಮಿಟ್ ಆಗಿಯೂ ಪುಶ್ ಆಗದ ಬ್ರಾಂಚುಗಳನ್ನು, ಸ್ಟ್ಯಾಶ್‌ನಲ್ಲಿ ಮರೆತು ಬಿಟ್ಟದ್ದನ್ನು ಕೂಡ ಪಟ್ಟಿ ಮಾಡುತ್ತದೆ. ದಿನದ ಕೆಲಸ ಮುಗಿಸುವ ಮುನ್ನ ಇದೊಂದನ್ನು ನೋಡುವ ರೂಢಿ ಇಟ್ಟುಕೊಳ್ಳಿ. ‘ಎಂಆರ್ ಕಮಿಟ್’ ಬಗ್ಗೆ ಮಾತ್ರ ನನಗೆ ಒಲವಿಲ್ಲ. ಸಂಬಂಧವಿಲ್ಲದ ಹತ್ತು ಬದಲಾವಣೆಗಳಿಗೆ ಒಂದೇ ಸಂದೇಶ ಅಂಟಿಸಿದರೆ ಮುಂದೆ ಇತಿಹಾಸ ಓದುವವರಿಗೆ ಏನೂ ತಿಳಿಯದು.

ಹೊಸ ಲ್ಯಾಪ್‌ಟಾಪ್ ಬಂತೇ? ಎಂಆರ್‌ಕಾನ್ಫಿಗ್ ಫೈಲನ್ನು ಅದರ ಹೋಮ್ ಫೋಲ್ಡರಿಗೆ ನಕಲಿಸಿ ‘ಎಂಆರ್ ಚೆಕ್‌ಔಟ್’ ಕೊಡಿ; ಎಲ್ಲ ರೆಪೊಗಳೂ ಹಳೆಯ ಜಾಗಗಳಲ್ಲೇ ಬಂದು ಕೂರುತ್ತವೆ. ಆದ್ದರಿಂದ ಆ ಫೈಲಿನ ಒಂದು ಪ್ರತಿ ಬೇರೆಡೆ ಇರಲಿ.

ಆ ಫೈಲಿನಲ್ಲಿರುವುದು ನೇರವಾಗಿ ಕಾರ್ಯಗತವಾಗುವ ಶೆಲ್ ಕಮಾಂಡುಗಳು. ಬೇರೆಯವರು ಕೊಟ್ಟ ಎಂಆರ್‌ಕಾನ್ಫಿಗ್ ಅನ್ನು ಸಾಲು ಸಾಲಾಗಿ ಓದದೆ ದಯವಿಟ್ಟು ಬಳಸಬೇಡಿ.