ಏಳನೇ ಖಾನೆಯಲ್ಲಿ ಏನಿದೆ?

ಜೋಗೇಶ್ವರಿ ಪೂರ್ವ, ಮುಂಬಯಿ

ಪ್ರೀತಿಯ ಮಾಣಿ,

ಮೊನ್ನೆ ರಾತ್ರಿ ಹನ್ನೊಂದಕ್ಕೆ ನಿನ್ನ ಫೋನು ಬಂದಾಗ ಅತ್ತೆ ಗಾಬರಿಯಾಗಿ ಎದ್ದು ಕೂತಳು. ವಿಷಯ ಕೇಳಿದರೆ ಇಷ್ಟೇ: ಒಬ್ಬ ನೌಕರನಿಗೆ ಸರ್ವರ್‌ನಲ್ಲಿ ಲಾಗಿನ್ ಆಗುತ್ತಿಲ್ಲ, ನಾಲ್ಕು ಸಲ ಪಾಸ್‌ವರ್ಡ್ ಬದಲಾಯಿಸಿ ಕೊಟ್ಟದ್ದಾಯಿತು, ಐದನೆಯದೂ ನಡೆಯಲಿಲ್ಲ. ನಿದ್ದೆಗಣ್ಣಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಈಗ ಪೂರ್ತಿ ಬರೆದಿದ್ದಾನೆ ನಿನ್ನ ಮಾವ. ಹೊಸದಾಗಿ ಸರ್ವರ್ ಕೋಣೆ ಹೊಕ್ಕ ಬೇರೆ ಮಕ್ಕಳಿಗೂ ಉಪಯೋಗವಾದೀತೆಂದು ಪತ್ರಿಕೆಗೇ ಕಳಿಸುತ್ತಿದ್ದಾನೆ.

ಉಡುಪಿ ಹೋಟೆಲನ್ನು ನೆನಪಿಸಿಕೋ. ಗಿರಾಕಿ ಅಡುಗೆಮನೆಗೆ ನುಗ್ಗುವುದಿಲ್ಲ; ಮೇಜಿನ ಬಳಿ ಬಂದ ಮಾಣಿಗೆ ಹೇಳುತ್ತಾನೆ, ಅವನು ಒಳಗೆ ಕೂಗುತ್ತಾನೆ. ಯುನಿಕ್ಸ್‌ನಲ್ಲಿ ಅಡುಗೆಮನೆ ಎಂದರೆ ಕರ್ನಲ್, ಮಾಣಿ ಎಂದರೆ ಶೆಲ್. ಗಿರಾಕಿಯನ್ನು ಒಳಗೆ ಬಿಡುವುದು ಪಾಸ್‌ವರ್ಡ್. ಅವನ ಮೇಜಿಗೆ ಯಾರು ಬರಬೇಕು ಎನ್ನುವುದು ಬೇರೆಯೇ ಲೆಕ್ಕ.

ಆ ಲೆಕ್ಕ ಇರುವುದು ಇಟಿಸಿ ಡೈರೆಕ್ಟರಿಯ ಪಾಸ್‌ವರ್ಡ್ ಫೈಲಿನಲ್ಲಿ. ಹೆಸರು ಹಾಗಿದೆ ಅಷ್ಟೆ. ಅಸಲು ಪಾಸ್‌ವರ್ಡಿನ ಗುರುತು ಶ್ಯಾಡೋ ಎಂಬ ಇನ್ನೊಂದು ಫೈಲಿಗೆ ಹೋಗಿ ಎಷ್ಟೋ ಕಾಲವಾಯಿತು. ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿಗೆ ಏಳು ಖಾನೆ, ನಡುನಡುವೆ ಕೋಲನ್. ಹೆಸರು, ಪಾಸ್‌ವರ್ಡಿನ ಜಾಗದಲ್ಲಿ ಒಂದು ಎಕ್ಸ್, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು, ಹೋಮ್ ಡೈರೆಕ್ಟರಿ, ಏಳನೆಯದು ಲಾಗಿನ್ ಶೆಲ್. ಹೊಸಬರು ಎರಡನೇ ಖಾನೆಯ ಸುತ್ತಲೇ ಸುತ್ತುತ್ತಾರೆ. ರೋಗ ಏಳನೆಯದರಲ್ಲಿ ಕೂತಿರುತ್ತದೆ.

ನೀನು ಮೋಸಹೋದದ್ದರಲ್ಲಿ ನಿನ್ನ ತಪ್ಪು ಅರ್ಧವೇ. ಏಳನೇ ಖಾನೆಯಲ್ಲಿ ಬರೆದ ಶೆಲ್ ಆ ಯಂತ್ರದಲ್ಲೇ ಇಲ್ಲದಿದ್ದರೆ, ದೂರದಿಂದ ಲಾಗಿನ್ ಮಾಡಿಸುವ ಓಪನ್ ಎಸ್‌ಎಸ್‌ಎಚ್ ಆ ಬಳಕೆದಾರನನ್ನು ಒಳಗೇ ಬಿಡುವುದಿಲ್ಲ. ಆದರೆ ಕಾರಣ ಹೇಳುವುದಿಲ್ಲ. ಪಾಸ್‌ವರ್ಡ್ ಕೇಳುವ ನಾಟಕ ಆಡುತ್ತದೆ, ಸರಿಯಾದುದನ್ನೇ ಕೊಟ್ಟರೂ 'ಪರ್ಮಿಷನ್ ಡಿನೈಡ್' ಎನ್ನುತ್ತದೆ. ನಿಜ ಬರೆದಿಡುವುದು ಸರ್ವರಿನ ಲಾಗ್‌ನಲ್ಲಿ ಮಾತ್ರ: ಇಂಥವನ ಶೆಲ್ ಅಸ್ತಿತ್ವದಲ್ಲಿಲ್ಲ, ಅದಕ್ಕೆ ಬಿಡಲಿಲ್ಲ ಎಂದು. ಡೆಬಿಯನ್ ಕಡೆಯ ಯಂತ್ರಗಳಲ್ಲಿ ಆ ಫೈಲಿಗೆ ಆಥ್ ಲಾಗ್ ಎಂದು ಹೆಸರು, ರೆಡ್‌ಹ್ಯಾಟ್ ಕಡೆ ಸೆಕ್ಯೂರ್ ಎಂದು. ಪಾಸ್‌ವರ್ಡ್ ಬದಲಾಯಿಸುವ ಮೊದಲು ಆ ಒಂದು ಸಾಲು ಓದಿದ್ದರೆ ಅತ್ತೆಯ ನಿದ್ದೆ ಉಳಿಯುತ್ತಿತ್ತು.

ಬೇರೆ ಲಕ್ಷಣಗಳೂ ಇವೆ. ಒಳಗೆ ಬಿಟ್ಟು, 'ಈ ಖಾತೆ ಸದ್ಯ ಲಭ್ಯವಿಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯ ತೋರಿಸಿ ಹೊರಗೆ ಕಳಿಸಿದರೆ, ಏಳನೇ ಖಾನೆಯಲ್ಲಿ ನೋಲಾಗಿನ್ ಇದೆ. ಏನೂ ಹೇಳದೆ ಸಂಪರ್ಕ ಕಡಿದರೆ ಅಲ್ಲಿ ಫಾಲ್ಸ್ ಎಂಬ ಪುಟ್ಟ ಪ್ರೋಗ್ರಾಂ ಇರಬಹುದು. ಇಲ್ಲವೇ ಬಳಕೆದಾರನ ಪ್ರೊಫೈಲ್ ಫೈಲಿನಲ್ಲಿ ಯಾರೋ 'ಎಗ್ಸಿಟ್' ಎಂದು ಬರೆದಿರಬಹುದು. ಅದನ್ನು ಬೇರ್ಪಡಿಸಲು ರೂಟ್ ಆಗಿ, ಎಸ್‌ಯು ಆದೇಶಕ್ಕೆ ಮೈನಸ್ ಎಸ್ ಸೇರಿಸಿ /ಬಿನ್/ಎಸ್‌ಎಚ್ ಕೊಟ್ಟು ಅವನ ಖಾತೆಗೆ ಇಳಿ. ಏಳನೇ ಖಾನೆಯೂ ಪ್ರೊಫೈಲೂ ಬದಿಗೆ ಸರಿದು ಬರಿಯ ಶೆಲ್ ಸಿಗುತ್ತದೆ, ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಬಹುದು. ಖಾತೆಗಳು ಎಲ್‌ಡ್ಯಾಪ್ ಎಂಬ ಕೇಂದ್ರ ಪಟ್ಟಿಯಿಂದ ಬರುವ ಕಚೇರಿಯಾದರೆ ಫೈಲಿನಲ್ಲಿ ಹುಡುಕಿ ಫಲವಿಲ್ಲ, ಅವನ ಹೆಸರೇ ಅಲ್ಲಿರುವುದಿಲ್ಲ. ಗೆಟ್‌ಎಂಟ್ ಆದೇಶವನ್ನು ಕೇಳು.

ಕಣ್ಣಿಗೇ ಕಾಣದ ರೋಗವೂ ಉಂಟು. ತೊಂಬತ್ತರ ದಶಕದಲ್ಲಿ ಅಂಧೇರಿಯ ಒಂದು ಕಚೇರಿಯಲ್ಲಿ ಯಾರೋ ಪುಣ್ಯಾತ್ಮ ಪಾಸ್‌ವರ್ಡ್ ಫೈಲನ್ನು ಡಾಸ್ ಯಂತ್ರಕ್ಕೆ ಒಯ್ದು, ಹೊಸಬರ ಹೆಸರು ಸೇರಿಸಿ, ವಾಪಸು ತಂದು ಹಾಕಿದ. ಮಧ್ಯಾಹ್ನದ ಊಟ ಮುಗಿಸಿ ಬಂದವರಲ್ಲಿ ಒಬ್ಬರಿಗೂ ಲಾಗಿನ್ ಇಲ್ಲ, ರೂಟ್‌ಗೂ ಇಲ್ಲ. ಫೈಲು ನೋಡಿದರೆ ಸಾಲುಗಳೆಲ್ಲ ಸರಿಯಾಗಿಯೇ ಇವೆ. ಕ್ಯಾಟ್ ಆದೇಶಕ್ಕೆ ಮೈನಸ್ ವಿ ಸೇರಿಸಿದಾಗ ಮಾತ್ರ ಪ್ರತಿ ಸಾಲಿನ ತುದಿಯಲ್ಲಿ ಟೋಪಿಯಂಥ ಗುರುತು, ಪಕ್ಕದಲ್ಲಿ ಒಂದು ಎಂ! ಡಾಸ್ ಸಾಲು ಮುಗಿಸಲು ಎರಡು ಅಕ್ಷರ ಹಾಕುತ್ತದೆ, ಯುನಿಕ್ಸ್ ಒಂದೇ. ಉಳಿದ ಆ ಒಂದು ಶೆಲ್ಲಿನ ಹೆಸರಿಗೆ ಅಂಟಿಕೊಂಡಿತ್ತು. ಅಂಥ ಹೆಸರಿನ ಪ್ರೋಗ್ರಾಂ ಭೂಮಿಯ ಮೇಲೆ ಎಲ್ಲಿದ್ದೀತು? ಬೆಳಿಗ್ಗೆ ರೂಟ್ ಆಗಿ ತೆರೆದ ಒಂದು ಟರ್ಮಿನಲ್ಲನ್ನು ನಿನ್ನ ಮಾವ ಮುಚ್ಚದೇ ಊಟಕ್ಕೆ ಹೋಗಿದ್ದ. ಆ ಸೋಮಾರಿತನವೇ ಅವತ್ತು ಕಚೇರಿಯನ್ನು ಕಾಪಾಡಿತು.

ಅಂದಿನಿಂದ ಆತ ಅದನ್ನೇ ಪದ್ಧತಿ ಮಾಡಿಕೊಂಡ. ಶೆಲ್ ಮುಟ್ಟುವ ಮೊದಲು ಒಂದು ರೂಟ್ ಕಿಟಕಿ ತೆರೆದಿರಬೇಕು, ಇನ್ನೊಂದರಲ್ಲಿ ಪರೀಕ್ಷೆ ಆಗಬೇಕು. ಫೈಲನ್ನು ಕೈಯಾರೆ ತಿದ್ದುವ ಬದಲು ಯೂಸರ್‌ಮಾಡ್ ಬಳಸು, ತಿದ್ದಲೇಬೇಕಾದರೆ ವಿಐ-ಪಿಡಬ್ಲ್ಯು. ಅದು ಇನ್ನೊಬ್ಬರು ಅದೇ ಹೊತ್ತಿಗೆ ಕೈಹಾಕದಂತೆ ಫೈಲಿಗೆ ಬೀಗ ಹಾಕುತ್ತದೆ. ರೂಟ್‌ನ ಶೆಲ್ಲಿನ ತಂಟೆಗೆ ಹೋಗಬೇಡ. ಫ್ರೀಬಿಎಸ್‌ಡಿಯವರು ಇದಕ್ಕೆಂದೇ ರೂಟ್ ಹೆಸರನ್ನು ತಿರುಗಿಸಿ 'ಟೂರ್' ಎಂಬ ಎರಡನೇ ಖಾತೆ ಇಟ್ಟಿದ್ದಾರೆ. ಹೊಸ ಶೆಲ್ಲಿನ ಪ್ರಯೋಗ ಬೇಕಿದ್ದವರು ಅದರ ಮೇಲೆ ಮಾಡಿಕೊಳ್ಳಲಿ ಎಂದು.

ಇನ್ನೊಂದು ಮಾತು. ಏಳನೇ ಖಾನೆಯಲ್ಲಿ ಅಪರಿಚಿತ ಹೆಸರು ಕಂಡ ಕೂಡಲೇ ಬ್ಯಾಶ್ ಶೆಲ್ ಎಂದು ತಿದ್ದಲು ಹೋಗಬೇಡ. ಅಲ್ಲಿರುವುದು ಶೆಲ್ಲೇ ಆಗಿರಬೇಕೆಂದಿಲ್ಲ. ನಮ್ಮ ಮನೆಯಿಂದ ದೂರವೇನಲ್ಲದ ಜುಹೂವಿನ ಎನ್‌ಸಿಎಸ್‌ಟಿ ಸಂಶೋಧನಾ ಕೇಂದ್ರಕ್ಕೂ ಪವಾಯಿಯ ಐಐಟಿಗೂ ನಡುವೆ 1986-87ರ ಸುಮಾರಿಗೆ ಟೆಲಿಫೋನ್ ತಂತಿಯ ಮೇಲೆ ಇಮೇಲ್ ಓಡಾಡತೊಡಗಿತು. ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಆರಂಭದ ದಿನಗಳು ಅವು. ಆ ಕಾಲದ ಯುಯುಸಿಪಿ ಪದ್ಧತಿಯಲ್ಲಿ ಒಂದು ಯಂತ್ರ ಇನ್ನೊಂದಕ್ಕೆ ಫೋನು ಮಾಡಿ, ಮನುಷ್ಯರಂತೆಯೇ ಹೆಸರು, ಪಾಸ್‌ವರ್ಡ್ ಹೇಳಿ ಲಾಗಿನ್ ಆಗುತ್ತಿತ್ತು. ಅಂಥ ಖಾತೆಯ ಏಳನೇ ಖಾನೆಯಲ್ಲಿ ಇರುತ್ತಿದ್ದುದು ಯುಯುಸಿಐಸಿಒ ಎಂಬ ಟಪಾಲು ಸಾಗಿಸುವ ಪ್ರೋಗ್ರಾಂ. ಅದನ್ನು ತಿದ್ದಿದರೆ ಟಪಾಲು ನಿಂತಂತೆಯೇ. ನೋಲಾಗಿನ್ ಕೂಡ ಬಹಳ ಸಲ ಯಾರೋ ಬೇಕೆಂದೇ ಬರೆದದ್ದು: ಡೇಟಾಬೇಸ್‌ನ ಖಾತೆಗೆ, ಕೆಲಸ ಬಿಟ್ಟುಹೋದವನ ಖಾತೆಗೆ. ತೆಗೆಯುವ ಮೊದಲು ಬರೆದವರನ್ನು ಕೇಳು.

ಇನ್ನು ನಿನ್ನ ಗಿರಾಕಿ. ಅವನ ಖಾತೆ ಎಐಎಕ್ಸ್ ಎಂಬ ಯುನಿಕ್ಸ್ ನಡೆಯುವ ಹಳೆಯ ಯಂತ್ರದಿಂದ ಲಿನಕ್ಸ್‌ಗೆ ಹೋದ ತಿಂಗಳು ಬಂದದ್ದೆಂದು ನೀನೇ ಹೇಳಿದೆ. ಎಐಎಕ್ಸ್‌ನಲ್ಲಿ ರೂಢಿಯ ಶೆಲ್ ಡೇವಿಡ್ ಕಾರ್ನ್ ಬರೆದ ಕೆಎಸ್‌ಎಚ್. ಲಿನಕ್ಸ್‌ನಲ್ಲಿ ಅದನ್ನು ಸಾಮಾನ್ಯವಾಗಿ ನಾವೇ ಹಾಕಿಕೊಳ್ಳಬೇಕು. ಸಾಲು ಬಂದಿದೆ, ಶೆಲ್ ಬಂದಿಲ್ಲ ಎಂದೇ ಮಾವನ ಅನುಮಾನ. ಲಾಗ್ ಹೌದೆಂದರೆ, ಅವನ ಸ್ಕ್ರಿಪ್ಟುಗಳು ಕೆಎಸ್‌ಎಚ್ ನಂಬಿವೆಯೇ ಎಂದು ಕೇಳಿ, ನಂಬಿದ್ದರೆ ಅದನ್ನೇ ಹಾಕಿಸು. ಹಾಗೆಯೇ ಇಡೀ ಫೈಲಿನ ಏಳನೇ ಖಾನೆಯನ್ನೊಮ್ಮೆ ಪಟ್ಟಿ ಮಾಡಿ ನೋಡು. ಫೋನು ಮಾಡಿದವನು ಅವನೊಬ್ಬ; ಅದೇ ಗಾಡಿಯಲ್ಲಿ ಬಂದ ಉಳಿದವರು ಸೋಮವಾರ ಬೆಳಿಗ್ಗೆ ಲಾಗಿನ್ ಮಾಡಲಿದ್ದಾರೆ.

ಭಾನುವಾರ ಊಟಕ್ಕೆ ಬಾ. ಅತ್ತೆ ನೀರುದೋಸೆ ಮಾಡುತ್ತಾಳಂತೆ, ಫೋನು ಮನೆಯಲ್ಲೇ ಬಿಟ್ಟು ಬರುವುದಾದರೆ.

ಇಂತಿ,
ನಿನ್ನ ಮಾವ